ಗುದನಾಳದ ಕ್ಯಾನ್ಸರ್: ಮೊದಲ ಶಸ್ತ್ರಚಿಕಿತ್ಸೆಯೇ ಸರಿಯಾಗಿ ಆಗಲಿ

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ, ಮೂತ್ರಕೋಶ ಮತ್ತು ಜನನಾಂಗಗಳಿಗೆ ಒತ್ತಿಕೊಂಡಂತೆ ಇರುವ ಈ ಭಾಗಕ್ಕೆ ಕ್ಯಾನ್ಸರ್ ತಗುಲಿದರೆ ಶಸ್ತ್ರವೈದ್ಯರ ಕೈಯಾಡುವಷ್ಟು ಜಾಗವೂ ಅಲ್ಲಿರುವುದಿಲ್ಲ. ಇಪ್ಪತ್ತನೆಯ ಶತಮಾನದ ಬಹುಪಾಲು ರೋಗಿಗಳನ್ನು ಎರಡು ಭಯಗಳು ಕಾಡಿದವು: ಗಡ್ಡೆ ತೆಗೆದ ಜಾಗದಲ್ಲೇ ರೋಗ ಮತ್ತೆ ಹುಟ್ಟುವುದು, ಮತ್ತು ಜೀವನವಿಡೀ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡಿರುವುದು.

ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಮೊದಲು ಕೆಳಗಿನಿಂದಷ್ಟೇ ಗಡ್ಡೆ ತೆಗೆಯುತ್ತಿದ್ದರು. ಹಾಗೆ ಚಿಕಿತ್ಸೆ ಪಡೆದ 57 ಮಂದಿಯಲ್ಲಿ 54 ಮಂದಿಗೆ ರೋಗ ಮರುಕಳಿಸಿತು. ಆದ್ದರಿಂದ ಅವರು 1908ರಲ್ಲಿ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಕೊಯ್ದು, ಗುದನಾಳವನ್ನು ಗುದದ್ವಾರದ ಸಮೇತ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಶಾಶ್ವತ ಚೀಲ ಅದರ ಬೆಲೆಯಾಗಿತ್ತು. ದಶಕಗಳ ಕಾಲ ಇದೇ ರೂಢಿಯಾಯಿತು.

ಈ ಸ್ಥಿತಿಯನ್ನು ಬದಲಿಸಿದ ಕೆಲಸ ಹೊರಬಂದದ್ದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಜಿಲ್ಲಾ ಆಸ್ಪತ್ರೆಯಿಂದ, ಹೆಸರಾಂತ ವೈದ್ಯಕೀಯ ವಿಶ್ವವಿದ್ಯಾಲಯದಿಂದಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಗುದನಾಳದ ಸುತ್ತ ಹೊದಿಕೆಯಂತಿರುವ ಕೊಬ್ಬಿನ ಪದರವನ್ನು, ಅಂದರೆ ಮೆಸೊರೆಕ್ಟಮ್ ಅನ್ನು, ಸೂಕ್ಷ್ಮವಾಗಿ ಗಮನಿಸಿದರು. ಕಣ್ಣಿಗೆ ಕಾಣುವ ಗಡ್ಡೆಯ ಅಂಚಿನಿಂದ ಕೆಳಗೂ ಈ ಕೊಬ್ಬಿನೊಳಗೆ ಕ್ಯಾನ್ಸರಿನ ಸಣ್ಣ ಸಣ್ಣ ಕಣಗಳು ಅಡಗಿರುತ್ತವೆಂದು 1982ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು. ಅಲ್ಲಿಯವರೆಗೆ ಅನೇಕರು ಸೊಂಟದ ಆಳಕ್ಕೆ ಕೈ ತೂರಿಸಿ, ಬೆರಳಿನಿಂದಲೇ ಗುದನಾಳವನ್ನು ಬಿಡಿಸುತ್ತಿದ್ದರು. ಆಗ ಪದರ ಹರಿಯುತ್ತಿತ್ತು, ಅದರ ಚೂರುಗಳು ಒಳಗೇ ಉಳಿಯುತ್ತಿದ್ದವು, ರೋಗ ಮತ್ತೆ ಚಿಗುರುತ್ತಿದ್ದುದು ಅಲ್ಲಿಂದಲೇ. ಹೀಲ್ಡ್ ಹೇಳಿದ ದಾರಿ ಬೇರೆ: ಪದರದ ಹೊರಗೆ ರಕ್ತನಾಳಗಳು ಅತಿ ವಿರಳವಾದ ಒಂದು ಸಹಜ ಸಂದು ಇದೆ, ಕಣ್ಣಿಟ್ಟು ನೋಡುತ್ತಾ ಆ ಸಂದಿನಲ್ಲೇ ಕೊಯ್ದು, ಕಿತ್ತಳೆಯ ತೊಳೆಯನ್ನು ಪೊರೆ ಹರಿಯದಂತೆ ಬಿಡಿಸುವ ಹಾಗೆ, ಇಡೀ ಪದರವನ್ನು ಗುದನಾಳದ ಜೊತೆಗೇ ಹೊರತೆಗೆಯಬೇಕು. ಮೂತ್ರ ವಿಸರ್ಜನೆ ಮತ್ತು ಲೈಂಗಿಕ ಶಕ್ತಿಯನ್ನು ಕಾಯುವ ನರಗಳನ್ನೂ ಇದರಿಂದ ಉಳಿಸಿಕೊಳ್ಳಲು ಸಾಧ್ಯವಾಯಿತು. ಈ ವಿಧಾನವನ್ನು ಟೋಟಲ್ ಮೆಸೊರೆಕ್ಟಲ್ ಎಕ್ಸಿಷನ್, ಚಿಕ್ಕದಾಗಿ ಟಿಎಂಇ ಎನ್ನುತ್ತಾರೆ.

1986ರಲ್ಲಿ ಪ್ರಕಟವಾದ 115 ರೋಗಿಗಳ ಫಲಿತಾಂಶದಲ್ಲಿ, ಐದು ವರ್ಷಗಳಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸುವ ಸಂಭವ ಶೇ. 3.7 ಮಾತ್ರ. ಇಷ್ಟು ಕಡಿಮೆಯೇ ಎಂದು ಹಲವರು ಸಂದೇಹಪಟ್ಟರು. ಉತ್ತರ ಸ್ಟಾಕ್‌ಹೋಮ್‌ನಿಂದ ಬಂತು. ಆ ಪ್ರಾಂತದ ಶಸ್ತ್ರವೈದ್ಯರಿಗೆ ಹೀಲ್ಡ್ ಅವರ ನೆರವಿನಿಂದ ತರಬೇತಿ ಕೊಟ್ಟ ಮೇಲೆ, ಸುಮಾರು ಶೇ. 15ರಷ್ಟಿದ್ದ ಮರುಕಳಿಕೆ ಶೇ. 6ಕ್ಕೆ ಇಳಿಯಿತು, ಗುದದ್ವಾರವನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಗಳು ಅರ್ಧಕ್ಕಿಂತ ಕಡಿಮೆಯಾದವು. ಹೊಸ ಔಷಧವಿಲ್ಲದೆ, ಹೊಸ ಯಂತ್ರವಿಲ್ಲದೆ, ಕೈಗೆ ಕಲಿಸಿದ ಶಿಸ್ತಿನಿಂದಲೇ ಜೀವಗಳು ಉಳಿದವು. ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಇಂಥ ಉದಾಹರಣೆಗಳು ವಿರಳ.

ಉಳಿದ ಸಂಶೋಧನೆಗಳು ಇದಕ್ಕೆ ಬಲ ಕೊಟ್ಟವು. ತೆಗೆದ ಭಾಗದ ಪಕ್ಕದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಬಹುತೇಕರಲ್ಲಿ ರೋಗ ಮರಳುತ್ತದೆಂದು ಲೀಡ್ಸ್‌ನ ಫಿಲಿಪ್ ಕ್ವರ್ಕ್ ತೋರಿಸಿದರು. ಟಿಎಂಇಗೆ ಮುನ್ನ ಅಲ್ಪಾವಧಿಯ ರೇಡಿಯೊಥೆರಪಿ ಕೊಟ್ಟರೆ ಎರಡು ವರ್ಷಗಳಲ್ಲಿ ಮರುಕಳಿಕೆ ಶೇ. 8.2ರಿಂದ 2.4ಕ್ಕೆ ಇಳಿಯುವುದು 2001ರ ಡಚ್ ಅಧ್ಯಯನದಲ್ಲಿ ಕಂಡುಬಂತು. ರೇಡಿಯೊಥೆರಪಿ ಮತ್ತು ಕೀಮೊಥೆರಪಿಯಿಂದ ಗಡ್ಡೆ ಪೂರ್ತಿ ಕರಗಿದ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡದೆ, ಕಟ್ಟುನಿಟ್ಟಾಗಿ ತಪಾಸಣೆ ನಡೆಸುತ್ತಾ ಕಾಯಬಹುದೆಂದು ಬ್ರೆಜಿಲ್‌ನ ಆಂಜೆಲಿಟಾ ಹಬ್ರ್-ಗಾಮಾ ತೋರಿಸಿಕೊಟ್ಟರು.

ಇಷ್ಟೆಲ್ಲ ಜ್ಞಾನ ಕೈಯಲ್ಲಿದ್ದೂ ರೋಗಿ ತಡವಾಗಿ ಬಂದರೆ ಪ್ರಯೋಜನ ಕಡಿಮೆ. ಮಲದಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ಗೋಡೆಬರಹದ ಜಾಹೀರಾತು ನಂಬಿ ತಿಂಗಳುಗಟ್ಟಲೆ ಲೇಹ್ಯ, ಮುಲಾಮುಗಳಲ್ಲಿ ಕಳೆಯುವವರು ನಮ್ಮ ನಾಡಿನಲ್ಲಿ ಬಹಳ. ಬಹುತೇಕ ರಕ್ತಸ್ರಾವ ಮೂಲವ್ಯಾಧಿಯದೇ ಇರಬಹುದು, ಆದರೆ ಪರೀಕ್ಷಿಸದೆ ಅದು ತಿಳಿಯದು. ವೈದ್ಯರು ಬೆರಳಿನಿಂದ ಮಾಡುವ ಒಂದು ನಿಮಿಷದ ತಪಾಸಣೆಯಲ್ಲೇ ಕೆಳಭಾಗದ ಗಡ್ಡೆಗಳು ಅನೇಕ ಸಲ ಸಿಗುತ್ತವೆ. ಅದಕ್ಕೆ ಅಡ್ಡ ಬರುವುದು ಸಂಕೋಚ. ವಯಸ್ಸು ಚಿಕ್ಕದು ಎಂಬ ಧೈರ್ಯವೂ ಸಲ್ಲದು. ಭಾರತದಲ್ಲಿ ನಲವತ್ತು ತುಂಬದವರಲ್ಲೂ ಈ ರೋಗ ಕಾಣಿಸಿಕೊಳ್ಳುತ್ತಿದೆ.

ಆದ್ದರಿಂದ ಓದುಗರಲ್ಲಿ ಮನವಿ ಇಷ್ಟೇ. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಹೋಗಿ ಬಂದರೂ ಇನ್ನೂ ಉಳಿದಂತೆನಿಸುವುದು, ಕಾರಣವಿಲ್ಲದ ರಕ್ತಹೀನತೆ ಕಂಡರೆ ತಪಾಸಣೆ ಮಾಡಿಸಿಕೊಳ್ಳಿ. ಕ್ಯಾನ್ಸರ್ ಖಚಿತವಾದರೆ, ಶಸ್ತ್ರಚಿಕಿತ್ಸೆಗೆ ಒಪ್ಪಿ ಸಹಿ ಹಾಕುವ ಮುನ್ನ ಕೇಳಿ: ಸೊಂಟದ ಎಂಆರ್‌ಐ ಆಗಿದೆಯೇ? ರೇಡಿಯೊಥೆರಪಿ ಮೊದಲೇ ಬೇಕೇ? ಈ ಶಸ್ತ್ರಚಿಕಿತ್ಸೆಯನ್ನು ನಿತ್ಯ ಮಾಡುವ ವೈದ್ಯರು ಇಲ್ಲಿದ್ದಾರೆಯೇ? ಗುದದ್ವಾರ ಉಳಿಯುತ್ತದೆಯೇ? ತೀರಾ ಕೆಳಗಿನ ಕೆಲವು ಗಡ್ಡೆಗಳಿಗೆ ಚೀಲ ಇಂದಿಗೂ ಅನಿವಾರ್ಯ. ಅದನ್ನು ಧರಿಸಿಯೂ ದುಡಿದು, ಸಂಸಾರ ನಡೆಸಿ ಬದುಕುವವರು ಬೇಕಾದಷ್ಟು ಜನ. ಮನೆಯವರು ಅಂಥವರನ್ನು ದೂರ ಮಾಡಬಾರದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕೇಂದ್ರಗಳಿವೆ, ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಮನೆಯಲ್ಲಿ ಯಾರಿಗಾದರೂ ರಕ್ತ ಹೋಗುತ್ತಿದ್ದರೆ ಈ ವಾರವೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.