ಮಗಳಿಂದ ಬಂದ ವಂಶ, ಮಗನಿಗೆ ಸಂದ ಪಟ್ಟ

ಈ ವಾರ ಮೈಸೂರಿನಲ್ಲಿ ನಮ್ಮ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಮೈಸೂರು ಅರಸರ ಯದುವಂಶದ ಹಳೆಯ ವಂಶವೃಕ್ಷದ ಪಟ ನೋಡುತ್ತ ನಿಂತೆ. ಕೊಂಬೆಕೊಂಬೆಗೂ ಪೇಟ ತೊಟ್ಟ ಮುಖ. ಹೆಣ್ಣಿನ ಹೆಸರು ಒಂದೂ ಇಲ್ಲ. ಆ ಮರ ಒಣಗದಂತೆ ನೀರೆರೆದವರು ಯಾರು? 1894ರಲ್ಲಿ ಹತ್ತನೇ ಚಾಮರಾಜ ಒಡೆಯರು ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತೇ ವರ್ಷ. 1902ರವರೆಗೆ ರಾಜ್ಯಭಾರ ಹೊತ್ತವರು ತಾಯಿ ವಾಣಿವಿಲಾಸ ಸನ್ನಿಧಾನ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಆ ತಾಯಿಯ ಆಡಳಿತದಲ್ಲೇ. 2013ರಲ್ಲಿ ಶ್ರೀಕಂಠದತ್ತ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡರು; 2015ರಲ್ಲಿ ದತ್ತು ಪಡೆದು ವಂಶ ಉಳಿಸಿದವರು ಪತ್ನಿ ಪ್ರಮೋದಾದೇವಿ. ದತ್ತು ಬಂದ ಯದುವೀರರು ಶ್ರೀಕಂಠದತ್ತರ ತಂದೆ ಜಯಚಾಮರಾಜ ಒಡೆಯರ ಹಿರಿಯ ಮಗಳು ಗಾಯತ್ರಿದೇವಿಯವರ ಮಗಳ ಮಗ. ರಕ್ತ ಹರಿದು ಬಂದದ್ದು ಮಗಳಿಂದ ಮಗಳಿಗೆ, ಪಟ್ಟ ಸಂದದ್ದು ಮಾತ್ರ ಮಗನಿಗೆ. 1971ರ ಸಂವಿಧಾನ ತಿದ್ದುಪಡಿಯ ನಂತರ ಮಹಾರಾಜ ಎಂಬ ಬಿರುದಿಗೆ ಕಾನೂನಿನ ಬಲವಿಲ್ಲ. ಉಳಿದಿರುವುದು ದಸರೆಯ ಖಾಸಗಿ ದರ್ಬಾರು, ಪೂಜೆ, ಜನರ ಗೌರವ. ಬರೀ ಸಂಪ್ರದಾಯವೆಂದ ಮೇಲೆ ಅದನ್ನು ತಿದ್ದಲು ಸಂಸತ್ತು ಬೇಕಿಲ್ಲ, ಮನಸ್ಸು ಸಾಕು. ಮುಂದಿನ ವಂಶವೃಕ್ಷ ಬರೆಯುವವರು ಹೆಣ್ಣುಮಕ್ಕಳ ಹೆಸರನ್ನೂ ಕೊಂಬೆಯ ಮೇಲೇ ಬರೆಯಲಿ.