ರಜೆಯ ಮಧ್ಯಾಹ್ನ

ಬೇಸಗೆಯ ರಜೆಯೆಂದರೆ ಉಳ್ಳವರ ಮನೆಗಳಲ್ಲಿ ಹಪ್ಪಳ ಸಂಡಿಗೆಗಳ ಸಂಭ್ರಮ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಕಡೆ ಕೂಲಿಗೆ ಹೋಗತಕ್ಕ ತಾಯಿಗಾದರೋ ಅದೇ ಚಿಂತೆಯ ಕಾಲ. ಬೆಳಗ್ಗೆ ತಂಗಳಿಕ್ಕಿ ಹೊರಟರೆ ಸಂಜೆಯವರೆಗೆ ಮಗುವಿನ ಗತಿಯೇನು?

ಶಾಲೆಯ ದಿನಗಳಲ್ಲಿ ಈ ಚಿಂತೆಯನ್ನು 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು ನೀಗಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಊಟವೀಯತಕ್ಕದ್ದೆಂದು 2004ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. 2024ರ ಬೇಸಗೆಯಲ್ಲಿ, ಬರಪೀಡಿತವೆಂದು ಸಾರಲ್ಪಟ್ಟಿದ್ದ 223 ತಾಲ್ಲೂಕುಗಳ ಶಾಲಾಮಕ್ಕಳಿಗೆ ನಮ್ಮ ಸರ್ಕಾರವು ರಜೆಯಲ್ಲಿಯೂ ಬಿಸಿಯೂಟವನ್ನು ಏರ್ಪಡಿಸಿತು. ಒಳ್ಳೆಯ ಕೆಲಸವೇ ಸರಿ.

ಆದರೆ ನನ್ನದೊಂದು ತಕರಾರುಂಟು. ಬರವೆಂಬುದನ್ನು ಅಳೆಯುವುದು ಮಳೆಯಿಂದ, ಬೆಳೆಯಿಂದ, ಮಗುವಿನ ಹೊಟ್ಟೆಯಿಂದಲ್ಲ. ಮಳೆ ಚೆನ್ನಾಗಿ ಬಿದ್ದ ವರ್ಷವೂ ಕೊಡಗಿನ ಕಾಫಿತೋಟಗಳಿಗೆ ದುಡಿಯಹೋದವರ ಮಕ್ಕಳು ಮುದಿ ಅಜ್ಜಿಯ ಆಸರೆಯಲ್ಲಿಯೇ ಇರುತ್ತಾರೆ. ಆಕೆಯ ಮಡಕೆಯಲ್ಲಿರುವುದು ಎಷ್ಟೆಂದು ಯಾವ ಕಡತವೂ ಬಲ್ಲದಲ್ಲ. ಏಪ್ರಿಲಿನ ಹಸಿವೆಗೆ ಒಳ್ಳೆಯ ವರ್ಷ, ಕೆಟ್ಟ ವರ್ಷವೆಂಬ ಭೇದವಿಲ್ಲವಷ್ಟೆ.

ಬರವೆಂದು ಸಾರದ ಬೇಸಗೆಗಳಲ್ಲಿ, ಸೋದರಿಯರೇ, ನಿಮ್ಮ ಬೀದಿಯಲ್ಲಿ ಉರಿಬಿಸಿಲಿನಲ್ಲಿ ಗೋಲಿಯಾಡುವ ಹುಡುಗನನ್ನು “ಊಟವಾಯಿತೇನಪ್ಪ?” ಎಂದು ಕೇಳಿರಿ. ಆಯಿತೆಂದೇ ಹೇಳುವನು, ಬಡವರ ಮಕ್ಕಳಿಗೂ ಅಭಿಮಾನವುಂಟು. ಕೇಳಿ ಸುಮ್ಮನಾಗದೆ ಎಲೆ ಹಾಕಿ ಕರೆದು ನೋಡಿರಿ.