ಒಂದು ದಿನದ ಪಂದ್ಯಕ್ಕೆ ಎಷ್ಟು ಕೊಡಬೇಕು, ಹೇಳಿ

ಇಂಗ್ಲೆಂಡಿನಲ್ಲಿ ಕ್ರೀಡಾ ಪ್ರಸಾರದ ಹಕ್ಕು ಮಾರುವವರಿಗೂ ಕೊಂಡವರಿಗೂ ಬಹಿರಂಗ ಪತ್ರ

ವಿಷಯ: ಊರಿನ ಪಬ್ಬುಗಳಲ್ಲಿ ನೇರ ಪಂದ್ಯ ತೋರಿಸಲು ವಿಧಿಸುತ್ತಿರುವ ಚಂದಾ ಹಣದ ಬಗ್ಗೆ

ಮಾನ್ಯರೇ,

ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ನಿಮ್ಮಲ್ಲೊಬ್ಬರಿಗೆ ಮೂರು ಸಲ ಬರೆದೆ. ಮೂರು ಸಲವೂ ಅದೇ ಉತ್ತರ ಬಂತು, ಒಂದಕ್ಷರವೂ ಬದಲಾಗದೆ. ಈಗ ಕನ್ನಡದಲ್ಲಿ, ಹತ್ತು ಜನ ಓದಲಿ ಎಂದು ಬರೆಯುತ್ತಿದ್ದೇನೆ. ನನ್ನೂರು ದಾವಣಗೆರೆ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ಗೆ ಬಂದು ಹತ್ತೊಂಬತ್ತು ವರ್ಷವಾಯಿತು. ವೃತ್ತಿಯಲ್ಲಿ ಅಕೌಂಟೆಂಟ್. ನಮ್ಮ ಬೀದಿಯ ಮೂಲೆಯಲ್ಲಿರುವ ಪಬ್ಬಿನ ಲೆಕ್ಕವನ್ನು ಭಾನುವಾರ ಕೂತು ಬರೆದುಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಪಬ್ಬು ನಡೆಸುವ ಪಂಜಾಬಿ ದಂಪತಿ ಹಾಕುವ ಊಟ ಉಂಡು ಬರುತ್ತೇನೆ. ಹಾಗಾಗಿ ಅಲ್ಲಿಗೆ ಬರುವ ಪ್ರತಿಯೊಂದು ಬಿಲ್ಲೂ ನನ್ನ ಕೈ ದಾಟಿಯೇ ಹೋಗುತ್ತದೆ.

2025ರ ಜುಲೈ 6, ಭಾನುವಾರ. ನಮ್ಮ ಪಬ್ಬಿನಿಂದ ನಾಲ್ಕೈದು ಮೈಲಿ ದೂರದ ಎಜ್‌ಬಾಸ್ಟನ್ ಮೈದಾನದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವಿನ ಟೆಸ್ಟಿನ ಕೊನೆಯ ದಿನ. 1967ರಿಂದ ಆ ಮೈದಾನದಲ್ಲಿ ಭಾರತ ಎಂಟು ಟೆಸ್ಟ್ ಆಡಿತ್ತು, ಒಂದನ್ನೂ ಗೆದ್ದಿರಲಿಲ್ಲ. ಈ ಸಲ ಶುಭಮನ್ ಗಿಲ್ 269 ಮತ್ತು 161 ಹೊಡೆದಿದ್ದರು. ತಂಡದಲ್ಲಿ ನಮ್ಮ ಕಡೆಯ ಹುಡುಗರೇ ಮೂವರು: ಕೆ.ಎಲ್. ರಾಹುಲ್, ಕರುಣ್ ನಾಯರ್, ಪ್ರಸಿದ್ಧ್ ಕೃಷ್ಣ. ಬೆಳಿಗ್ಗೆ ಮಳೆ ಬಂದು ಆಟ ತಡವಾಯಿತು. ಒಬ್ಬೊಬ್ಬರೇ ಪಬ್ಬಿಗೆ ಬಂದು ಗೋಡೆಯ ಮೇಲಿನ ಟೀವಿ ನೋಡಿದರು, ಯಜಮಾನನ ಮುಖ ನೋಡಿದರು. ಟೀವಿ ಕಪ್ಪಗಿತ್ತು. ಮಾರ್ಚಿನಲ್ಲೇ ಚಂದಾ ನಿಲ್ಲಿಸಿದ್ದೆವು. ನಿಲ್ಲಿಸಿ ಎಂದು ಲೆಕ್ಕ ತೋರಿಸಿ ಹೇಳಿದವನು ನಾನೇ.

ಕೊನೆಗೆ ಯಜಮಾನ ಒಳಗಿನಿಂದ ರೇಡಿಯೊ ತಂದು ಕೌಂಟರಿನ ಮೇಲಿಟ್ಟ. ಬಿಬಿಸಿಯ ವೀಕ್ಷಕ ವಿವರಣೆ ಹಾಕಿದ. ಮೂವತ್ತು ಜನ ಅದರ ಸುತ್ತ ನಿಂತರು. ದಾವಣಗೆರೆಯಲ್ಲಿ ಚಿಕ್ಕಂದಿನಲ್ಲಿ ಬೀಡಿ ಅಂಗಡಿಯ ಮುಂದೆ ಅಪ್ಪನ ಕೈ ಹಿಡಿದು ಹೀಗೇ ನಿಂತಿದ್ದೆ. ಬರ್ಮಿಂಗ್‌ಹ್ಯಾಮಿನವರೇ ಆದ ಕ್ರಿಸ್ ವೋಕ್ಸ್ ಅವರನ್ನು ಪ್ರಸಿದ್ಧ್ ಔಟ್ ಮಾಡಿದಾಗ ಅರ್ಧ ಪಬ್ಬು ಕೂಗಿತು, ಅರ್ಧ ಪಬ್ಬು ತಲೆ ಕೈಯಲ್ಲಿ ಹಿಡಿಯಿತು. ಆಕಾಶ್ ದೀಪ್ ಆ ಟೆಸ್ಟಿನಲ್ಲಿ ಹತ್ತು ವಿಕೆಟ್ ತೆಗೆದರು, ಭಾರತ 336 ರನ್ನುಗಳಿಂದ ಗೆದ್ದಿತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಎಂಬತ್ತು ದಾಟಿದ ಚಾಚಾ ಒಬ್ಬರು ಕೂರುತ್ತಾರೆ. ಇಲ್ಲಿನ ಫೌಂಡ್ರಿಯಲ್ಲಿ ದುಡಿದು ಕಿವಿ ಮಂದವಾಗಿದೆ. ಅವರಿಗೆ ರೇಡಿಯೊ ಕೇಳಿಸಲಿಲ್ಲ. ಪ್ರತಿ ವಿಕೆಟ್ಟಿಗೂ ಯಾರಾದರೂ ಬಗ್ಗಿ ಅವರ ಕಿವಿಯಲ್ಲಿ ಹೇಳಬೇಕಾಯಿತು. ಅರವತ್ತು ವರ್ಷ ಈ ಊರಲ್ಲಿ ಬಾಳಿದ ಮನುಷ್ಯ, ತನ್ನೂರಿನ ಪಕ್ಕದಲ್ಲೇ ಭಾರತ ಮೊದಲ ಸಲ ಟೆಸ್ಟ್ ಗೆದ್ದದ್ದನ್ನು ನೋಡಲಾರದೆ ಹೋದರು. ಅವರ ಮನೆಯಲ್ಲಿ ನಿಮ್ಮ ಚಾನೆಲ್ ಇಲ್ಲ, ಜೊತೆಗೆ ಕೂತು ನೋಡುವವರೂ ಇಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ.

ನಮ್ಮ ಪಬ್ಬು ಎರಡು ಚಂದಾ ಕಟ್ಟುತ್ತಿತ್ತು, ಏಕೆಂದರೆ ಫುಟ್‌ಬಾಲ್ ಒಬ್ಬರಲ್ಲೇ ಸಿಗುವುದಿಲ್ಲ. ಪ್ರೀಮಿಯರ್ ಲೀಗಿನ ನೇರ ಪ್ರಸಾರವನ್ನು ಹೋಳು ಮಾಡಿ ಮಾರಲಾಗಿದೆ. 2025ರಿಂದ ಒಂದು ಕಂಪನಿಗೆ ಋತುವಿಗೆ ಕನಿಷ್ಠ 215 ಪಂದ್ಯ, ಇನ್ನೊಂದಕ್ಕೆ 52. ಶನಿವಾರ ಮಧ್ಯಾಹ್ನದ ಪಂದ್ಯ ಒಬ್ಬರದು, ಭಾನುವಾರದ್ದು ಮತ್ತೊಬ್ಬರದು. ಎರಡೂ ಸೇರಿ ನಮಗೆ ತಿಂಗಳಿಗೆ 1,400 ಪೌಂಡಿನ ಹತ್ತಿರ ಬರುತ್ತಿತ್ತು. ಒಂದು ಪೈಂಟ್ ಬಿಯರನ್ನು 4 ಪೌಂಡ್ 80 ಪೆನ್ಸಿಗೆ ಮಾರಿದರೆ ಅದರಲ್ಲಿ 80 ಪೆನ್ಸ್ ವ್ಯಾಟ್‌ಗೆ ಹೋಗುತ್ತದೆ. ಬಿಯರಿನ ಸುಂಕ ಸೇರಿದ ಬ್ರೂಯರಿಯ ಬೆಲೆ, ಕೆಲಸದವರ ಸಂಬಳ, ಕರೆಂಟು ಕಳೆದರೆ ನನ್ನ ಪುಸ್ತಕದಲ್ಲಿ ಒಂದು ಪೌಂಡ್ ಉಳಿದದ್ದೇ ದೊಡ್ಡದು. ಅಂದರೆ ನಿಮ್ಮ ಚಂದಾ ತೀರಿಸಲು ತಿಂಗಳಿಗೆ 1,400 ಪೈಂಟ್ ಮಾರಬೇಕು. ದಿನಕ್ಕೆ 46. ಯಾರೂ ಬಾರದ ಸೋಮವಾರವೂ 46.

ದುಬಾರಿ ಎಂಬುದಷ್ಟೇ ನನ್ನ ದೂರಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆಟಗಾರರಿಗೆ ಹಣ ಬೇಕು, ಕ್ಯಾಮೆರಾ ಹಿಡಿಯುವವರಿಗೂ ಬೇಕು. ಹಕ್ಕಿಗಾಗಿ ನೀವು ಎಷ್ಟು ಸುರಿದಿದ್ದೀರಿ ಎಂಬುದೂ ಗೊತ್ತು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಐದು ವರ್ಷಕ್ಕೆ 304 ಮಿಲಿಯನ್ ಪೌಂಡ್ ಎಂದು ಘೋಷಿಸಿದ್ದರು. ಈಗಿನ ಒಪ್ಪಂದ ನಾಲ್ಕು ವರ್ಷಕ್ಕೆ 6.7 ಬಿಲಿಯನ್. ನನ್ನ ತಕರಾರು ನೀವು ಅಳೆಯುವ ಕೋಲಿನ ಬಗ್ಗೆ.

ಪಬ್ಬಿನ ಚಂದಾ ನಿಗದಿಯಾಗುವುದು ಬಹುಮಟ್ಟಿಗೆ ಅದರ ರೇಟಬಲ್ ವ್ಯಾಲ್ಯೂ ಮೇಲೆ. ನಮ್ಮೂರಿನವರಿಗೆ ತಿಳಿಯುವಂತೆ ಹೇಳಬೇಕೆಂದರೆ ಅದು ಕಂದಾಯ ಹಾಕಲು ಸರ್ಕಾರದ ಮೌಲ್ಯಮಾಪನ ಕಚೇರಿ ಕಟ್ಟಡಕ್ಕೆ ಕಟ್ಟುವ ಬೆಲೆ. ಅಂಗಡಿಗಾದರೆ ಜಾಗದ ಅಳತೆ ಹಿಡಿದು ಕಟ್ಟುತ್ತಾರೆ. ಪಬ್ಬಿಗೆ ಹಾಗಲ್ಲ, ಸಮಂಜಸವಾಗಿ ನಡೆಸಿದರೆ ವರ್ಷಕ್ಕೆ ಎಷ್ಟು ವ್ಯಾಪಾರವಾಗಬಹುದು ಎಂದು ಅಂದಾಜಿಸಿ ಕಟ್ಟುತ್ತಾರೆ. ನಮ್ಮ ಪಬ್ಬಿಗೆ ಜನ ಹೆಚ್ಚಾಗಿ ಬರುವುದು ಮಿಕ್ಸೆಡ್ ಗ್ರಿಲ್ ತಿನ್ನಲು. ಕಾದ ಕಬ್ಬಿಣದ ತಟ್ಟೆಯಲ್ಲಿ ಈರುಳ್ಳಿಯ ಮೇಲೆ ಚುರುಗುಟ್ಟುವ ಕಬಾಬು, ಕೋಳಿಕಾಲು, ಮೀನು. ಯಜಮಾನಿ ಬೆಳಿಗ್ಗೆ ಏಳಕ್ಕೆ ಎದ್ದು ಮಸಾಲೆ ಅರೆಯುತ್ತಾಳೆ. ಆಕೆಯ ಅಡುಗೆ ಹೆಚ್ಚು ಮಾರಾಟವಾದಷ್ಟೂ ವ್ಯಾಪಾರದ ಅಂದಾಜು ಏರುತ್ತದೆ, ಅದರೊಂದಿಗೆ ಕಟ್ಟಡದ ಬೆಲೆ ಏರುತ್ತದೆ, ಕಟ್ಟಡದ ಬೆಲೆ ಹಿಡಿದು ನಿಮ್ಮ ಚಂದಾ ಏರುತ್ತದೆ. ಆಕೆ ಒಂದು ಪಂದ್ಯವನ್ನೂ ನೋಡಿದವಳಲ್ಲ. ಊಟಕ್ಕೆ ಬಂದವರಲ್ಲಿ ಎಷ್ಟೋ ಜನ ಟೀವಿಗೆ ಬೆನ್ನು ಹಾಕಿ ಕೂರುತ್ತಾರೆ. ಆಕೆಯ ಒಲೆಯ ದುಡಿಮೆಯಲ್ಲಿ ನಿಮಗೆ ಪಾಲು ಯಾವ ನ್ಯಾಯದಿಂದ ಬಂತು? ಮೂರು ಸಲ ಕೇಳಿದ್ದು ಇದೇ ಪ್ರಶ್ನೆ.

ಜೊತೆಗೆ ಇನ್ನೊಂದನ್ನು ಕೇಳಿದ್ದೆ. ಎಜ್‌ಬಾಸ್ಟನ್ ಟೆಸ್ಟಿನ ಐದು ದಿನಕ್ಕೆ ಮಾತ್ರ, ಬೇಡ, ಆ ಒಂದು ಭಾನುವಾರಕ್ಕೆ ಮಾತ್ರ ದುಡ್ಡು ಕಟ್ಟಿ ತೋರಿಸಬಹುದೇ? ಪಬ್ಬಿಗೆ ಪಂದ್ಯವನ್ನು ಬಿಡಿಯಾಗಿ ಕೊಡುವುದಿಲ್ಲ, ಪೂರ್ತಿ ಚಂದಾ ತೆಗೆದುಕೊಳ್ಳಿ ಎಂದರು. ಮನೆಯಲ್ಲಿ ಕೂತು ನೋಡುವವನಿಗೆ ಈ ದೇಶದಲ್ಲಿ ಒಂದು ದಿನದ ಪಾಸು ಮಾರಲಾಗುತ್ತದೆ. ಫೋನಿನಲ್ಲಿ ಎರಡು ಸಲ ಒತ್ತಿದರೆ ಸಾಕು. ಒಬ್ಬನೇ ಕೂತವನಿಗೆ ಬಿಡಿಯಾಗಿ ಸಿಗುವುದು ಮೂವತ್ತು ಜನ ಕೂಡಿ ಕೂತರೆ ಸಿಗುವುದಿಲ್ಲ. ಕೂಡಿ ಕೂತದ್ದಕ್ಕೆ ಹೆಚ್ಚು ಕೇಳಿ, ಕೊಡುತ್ತೇವೆ. ತಲೆಗಿಷ್ಟು ಎಂದಾದರೂ ಹೇಳಿ, ಟೀವಿಗಿಷ್ಟು ಎಂದಾದರೂ ಹೇಳಿ.

ಕಳ್ಳದಾರಿ ಇಲ್ಲವೆಂದಲ್ಲ. ಮನೆಯ ಚಂದಾ ಕಾರ್ಡನ್ನು ಪಬ್ಬಿಗೆ ತಂದು ಹಾಕುವವರಿದ್ದಾರೆ. ಅದಕ್ಕೇ ಪಬ್ಬಿನ ಪ್ರಸಾರದಲ್ಲಿ ಪರದೆಯ ಮೂಲೆಗೆ ಪುಟ್ಟ ಬಿಯರ್ ಲೋಟದ ಗುರುತು ಬರುತ್ತದೆ. ತಪಾಸಣೆಗೆ ಬಂದವರು ಮೊದಲು ನೋಡುವುದು ಅದನ್ನು. ಗುರುತು ಇಲ್ಲದಿದ್ದರೆ 1988ರ ಕಾಪಿರೈಟ್ ಕಾಯ್ದೆಯಡಿ ಮೊಕದ್ದಮೆ. ನಮ್ಮ ಯಜಮಾನನಿಗೆ ಆ ದಾರಿ ತೋರಿಸಿದವರೂ ಇದ್ದರು. ಆತ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕಾನೂನಿನ ದಾರಿಯಲ್ಲಿ ಹೋದವರ ಕಥೆಯನ್ನು ಮಾತ್ರ ನೀವು ಮರೆಯಬಾರದು. ಪೋರ್ಟ್ಸ್‌ಮತ್‌ನಲ್ಲಿ ಪಬ್ಬು ನಡೆಸುತ್ತಿದ್ದ ಕ್ಯಾರೆನ್ ಮರ್ಫಿ ಇಲ್ಲಿನ ಚಂದಾ ಕೈಗೆಟುಕದೆ ಗ್ರೀಸ್ ದೇಶದ ಡಿಕೋಡರ್ ಕಾರ್ಡ್ ತರಿಸಿದರು. ಕದ್ದದ್ದಲ್ಲ, ಹಣ ಕೊಟ್ಟು ಕೊಂಡದ್ದು. ಆದರೂ ದಂಡ ಬಿತ್ತು. ಆಕೆ ಬಿಡದೆ ಯುರೋಪಿನ ನ್ಯಾಯಾಲಯದವರೆಗೂ ಹೋದರು. 2011ರ ಅಕ್ಟೋಬರ್ 4ರಂದು ಆ ನ್ಯಾಯಾಲಯ ಬೇರೆ ದೇಶದ ಕಾರ್ಡನ್ನು ನಿಷೇಧಿಸುವುದು ಯುರೋಪಿಯನ್ ಒಕ್ಕೂಟದ ಮುಕ್ತ ವ್ಯಾಪಾರದ ನಿಯಮಕ್ಕೆ ವಿರುದ್ಧ ಎಂದಿತು. 2012ರಲ್ಲಿ ಲಂಡನ್ನಿನ ಹೈಕೋರ್ಟ್ ಆಕೆಯ ಶಿಕ್ಷೆಯನ್ನು ರದ್ದು ಮಾಡಿತು. ಆದರೆ ಅದೇ ಯುರೋಪಿನ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು: ಪಂದ್ಯಕ್ಕೆ ಕಾಪಿರೈಟ್ ಇಲ್ಲ, ಪಂದ್ಯದ ಮೊದಲು ಬರುವ ಲೀಗಿನ ಗೀತೆ, ಲಾಂಛನಗಳಿಗೆ ಇದೆ, ಅವನ್ನು ಪಬ್ಬಿನಲ್ಲಿ ತೋರಿಸಲು ಒಪ್ಪಿಗೆ ಬೇಕು. ಗೆದ್ದ ಹೆಂಗಸಿನ ಹಿಂದೆ ಉಳಿದ ಪಬ್ಬುಗಳು ನಡೆಯಲಾಗದಂತೆ ಬಾಗಿಲು ಹಾಕಲು ಆ ಒಂದು ಮಾತು ಸಾಕಾಯಿತು. ಒಕ್ಕೂಟದಿಂದ ಬ್ರಿಟನ್ ಹೊರಬಂದ ಮೇಲೆ ಆ ತೀರ್ಪಿನ ಆಸರೆಯೂ ಹಿಂದಿನಂತಿಲ್ಲ.

ಸರ್ಕಾರವೂ ಕೈಕಟ್ಟಿ ಕೂತಿದೆ. ಇಲ್ಲಿ 1996ರ ಪ್ರಸಾರ ಕಾಯ್ದೆಯ ಪ್ರಕಾರ ಫುಟ್‌ಬಾಲ್ ವಿಶ್ವಕಪ್, ಒಲಿಂಪಿಕ್ಸ್, ವಿಂಬಲ್ಡನ್ ಫೈನಲ್ ಮುಂತಾದವು ಎಲ್ಲರಿಗೂ ಪುಕ್ಕಟೆ ಸಿಗುವ ಚಾನೆಲ್ಲುಗಳಿಗೆ ದಕ್ಕಬೇಕು. ಇಲ್ಲಿನ ಟೆಸ್ಟ್ ಕ್ರಿಕೆಟ್ಟೂ ಮೊದಲು ಈ ಪಂದ್ಯಗಳ ಪಟ್ಟಿಯಲ್ಲಿತ್ತು, 1998ರಲ್ಲಿ ತೆಗೆದರು. ಆಸ್ಟ್ರೇಲಿಯಾ ಎದುರಿನ 2005ರ ಆಷಸ್ ಸರಣಿ ಪುಕ್ಕಟೆಯ ಚಾನೆಲ್ 4ರಲ್ಲಿ ಬಂದದ್ದೇ ಕೊನೆ. ಮರುವರ್ಷದಿಂದ ಇಲ್ಲಿನ ಟೆಸ್ಟುಗಳ ನೇರ ಪ್ರಸಾರ ಹಣ ಕಟ್ಟಿದವರಿಗೆ ಮಾತ್ರ. ತವರಿನ ಆಷಸ್ಸನ್ನಾದರೂ ಪಟ್ಟಿಗೆ ಮರಳಿಸಿ ಎಂದು 2009ರಲ್ಲಿ ಒಂದು ಸಮಿತಿ ಹೇಳಿತು, ಆಗಲಿಲ್ಲ.

ಪಬ್ಬೆಂದರೆ ಕುಡಿಯುವ ಜಾಗ ತಾನೇ, ಮುಚ್ಚಿದರೆ ಮುಚ್ಚಲಿ ಎಂದು ನನ್ನ ಊರಿನವರೇ ಕೆಲವರು ಹೇಳಬಹುದು. ನಾನೂ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ಸ್ಮೆದಿಕ್‌ನ ಕಥೆ ತಿಳಿದ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ. 1960ರ ದಶಕದಲ್ಲಿ ಈ ಊರಿನ ಎಷ್ಟೋ ಪಬ್ಬುಗಳು ನಮ್ಮಂಥ ಬಣ್ಣದವರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಬೇರೆ ಕೋಣೆಯಲ್ಲಿ ಕೂರಿಸುತ್ತಿದ್ದರು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನವರು ಒಳಗೆ ಹೋಗಿ ಕೂತು, ಕೊಡುವುದಿಲ್ಲ ಎನ್ನಿಸಿಕೊಂಡು, ಮತ್ತೆ ಹೋಗಿ ಕೂತರು. ಅವರ ಕರೆಗೆ ಓಗೊಟ್ಟು 1965ರ ಫೆಬ್ರವರಿ 12ರಂದು ಅಮೆರಿಕದ ಕಪ್ಪುಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಇಲ್ಲಿಗೆ ಬಂದರು, ಕೊಲೆಯಾಗುವ ಒಂಬತ್ತು ದಿನ ಮೊದಲು. ಅದೇ ವರ್ಷ ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣದ ಭೇದ ಮಾಡಬಾರದೆಂದು ಕಾಯ್ದೆ ಬಂತು. ಕಾಲಕ್ರಮದಲ್ಲಿ ಇಂಥ ಪಬ್ಬುಗಳನ್ನು ಪಂಜಾಬಿಗಳೇ ಕೊಂಡು ದೇಸಿ ಪಬ್ಬು ಮಾಡಿದರು. ಕಿಟಕಿ ಪಕ್ಕದ ಚಾಚಾ ಹಾಗೆ ಹೋರಾಡಿ ಒಳಗೆ ಬಂದವರಲ್ಲಿ ಒಬ್ಬರು. ನಮ್ಮಲ್ಲಿ ಬಿಳಿಯರು, ಸಿಖ್ಖರು, ಜಮೈಕಾದವರು, ದಾವಣಗೆರೆಯ ನಾನು ಒಂದೇ ಬೆಂಚಿನಲ್ಲಿ ಕೂರುವುದಕ್ಕೆ ಪಂದ್ಯಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. 2000ದಲ್ಲಿ ಈ ದೇಶದಲ್ಲಿ ಅರವತ್ತು ಸಾವಿರದಷ್ಟು ಪಬ್ಬುಗಳಿದ್ದವು. ಈಗ ನಲವತ್ತೈದು ಸಾವಿರದ ಆಸುಪಾಸು. ಎಲ್ಲವನ್ನೂ ನೀವೇ ಮುಚ್ಚಿಸಿದಿರಿ ಎನ್ನುವುದಿಲ್ಲ. ಕಂದಾಯವಿದೆ, ಸುಂಕವಿದೆ, ಕರೆಂಟಿನ ಬಿಲ್ಲಿದೆ, ಮನೆಯಲ್ಲೇ ಕುಡಿಯುವ ರೂಢಿಯಿದೆ. ಆದರೆ ಚಂದಾ ಬಿಟ್ಟರೆ ಶನಿವಾರದ ಜನ ಬೀದಿ ದಾಟಿ ದೊಡ್ಡ ಸರಪಳಿ ಪಬ್ಬಿಗೆ ಹೋಗುತ್ತಾರೆ, ಕಟ್ಟಿದರೆ ಬ್ಯಾಂಕಿನಲ್ಲಿ ಏನೂ ಉಳಿಯುವುದಿಲ್ಲ. ಇದು ನನ್ನ ಎರಡು ವರ್ಷದ ಪುಸ್ತಕದಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು.

ಪುಕ್ಕಟೆ ಕೊಡಿ ಎಂದು ಕೇಳುತ್ತಿಲ್ಲ. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಪಕ್ಕದ ಪಬ್ಬು ಎಷ್ಟು ಕಟ್ಟುತ್ತದೆಂದು ತಿಳಿಯದೆ ಫೋನಿನಲ್ಲಿ ಚೌಕಾಸಿ ಮಾಡುವ ಪಾಡು ಬೇಡ. ಕಟ್ಟಡದ ಬೆಲೆಯನ್ನು ಬಿಟ್ಟು, ನೋಡುವವರ ಲೆಕ್ಕ ಹಿಡಿಯಿರಿ. ಪಂದ್ಯವನ್ನು ಬಿಡಿಯಾಗಿ ಮಾರಿ.

2026ರ ಜುಲೈ 14ಕ್ಕೆ ಎಜ್‌ಬಾಸ್ಟನ್‌ನಲ್ಲಿ ಭಾರತ ಮತ್ತು ಇಂಗ್ಲೆಂಡ್ ಏಕದಿನ ಪಂದ್ಯ ನಿಗದಿಯಾಗಿದೆ. ಒಂದು ಪಬ್ಬು, ಒಂದು ಟೀವಿ, ನಲವತ್ತು ಕುರ್ಚಿ. ಆ ಒಂದು ದಿನಕ್ಕೆ ಎಷ್ಟು ಎಂದು ಬರೆದು ತಿಳಿಸಿ. ಜುಲೈ ತಿಂಗಳ ಪುಟದಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಚಾಚಾಗೂ ಹೇಳಿಟ್ಟಿದ್ದೇನೆ.

ಇಂತಿ,
ಸ್ಮೆದಿಕ್‌ನ ಒಂದು ಮೂಲೆ ಪಬ್ಬಿನ ಲೆಕ್ಕ ಬರೆಯುವವನು